ಗಾಯ ಕೆಳಗಿರಲಿ

ವಡ್ಡಹಳ್ಳಿ ಮಂಡಿಯ ಹಿಂದೆ
ಎರಡು ಸಾಲು ಇಟ್ಟಿಗೆ, ನಡುವೆ ಒದ್ದೆ ಮರಳು,
ಮೇಲೆ ಗೋಣಿತಾಟು.
ಪಿಳ್ಳಕ್ಕನಿಗೆ ಇದು ಬಾಣಂತಿ ಕೋಣೆ:
ಬಿಸಿಲೂ ಬೀಳಬಾರದು, ಬೇರೆಯವರ ಕಣ್ಣೂ.
ಬೆಳಗ್ಗೆ ಎರಡು ಕೊಡ ನೀರು, ಸಂಜೆ ಎರಡು.

ಕೆಂಪಗಾದದ್ದನ್ನು ಅವಳು ನಂಬುವುದಿಲ್ಲ.
ಕೆಳತುದಿಗೆ ಬೊಟ್ಟಿನಷ್ಟು ನಸುಗೆಂಪು
ಈಗಷ್ಟೇ ಹತ್ತಿದ್ದನ್ನು ಆರಿಸಿ,
ತೊಟ್ಟು ಮುರಿದು, ಸೆರಗಲ್ಲಿ ಇಬ್ಬನಿ ಒರೆಸಿ
ಕವುಚಿ ಮಲಗಿಸುತ್ತಾಳೆ.
"ಗಾಯ ಕೆಳಗಿರಲಿ,
ನೀರು ಆರೋದು ಅಲ್ಲಿಂದಲೇ."

ನಿನ್ನೆ ಅವಸರದಲ್ಲಿ ನಾನು
ಪೂರ್ತಿ ಮಾಗಿದ್ದೊಂದನ್ನು ಕ್ರೇಟಿನೊಳಗೆ ಬಿಟ್ಟುಬಿಟ್ಟಿದ್ದೆ.
ಇವತ್ತು ಗೋಣಿ ಸರಿಸಿದರೆ
ಸುತ್ತ ಆರು ಕೆಂಪೇರಿ ಕೂತಿವೆ,
ಒಬ್ಬಳಿಗೆ ಹೇಳಿದ ಗುಟ್ಟು
ಬೀದಿಗೆಲ್ಲ ತಿಳಿದ ಹಾಗೆ.
ಪಿಳ್ಳಕ್ಕ ಬೈಯಲಿಲ್ಲ. ಎತ್ತಿ ಮೂಸಿದಳು.
"ಇದು ಮಾತಾಡಿಬಿಟ್ಟಿದೆ."

ಕಲ್ಕತ್ತೆಗೆ ಲಾರಿ ನಾಲ್ಕು ದಿನ.
ಅಂಗಡಿಯ ಗೂಡೆಯಲ್ಲೊಂದು, ಅಡುಗೆಮನೆಯಲ್ಲೊಂದು,
ಬೆರಳು ಮಡಚಿ ಹಿಂದಕ್ಕೆ ಎಣಿಸುತ್ತಾಳೆ.
ಕಾಣದ ಊರಲ್ಲಿ ಕಾಣದ ಹೆಂಗಸೊಬ್ಬಳು
ಈಳಿಗೆಮಣೆ ಎಳೆದುಕೊಳ್ಳುವ ಹೊತ್ತಿಗೆ
(ಅವರಲ್ಲೂ ಈಳಿಗೆಮಣೆ ಇದೆಯಂತೆ, ಡ್ರೈವರ್ ಬಾಷು ಹೇಳಿದ್ದು)
ಅಲ್ಲಿಗೆ ಸರಿಯಾಗಿ ಕೆಂಪಾಗಬೇಕು,
ಒಂದು ದಿನ ಮೊದಲಲ್ಲ.

ಮಾತಾಡಿದ ಏಳನ್ನೂ ಮಡಿಲಿಗೆ ಹಾಕಿಕೊಂಡಳು.
"ರಾತ್ರಿ ಗೊಜ್ಜು ಮಾಡ್ತೀನಿ, ಬಾ.
ಕಾಯೋಕಾಗದವಕ್ಕೂ ಒಂದು ಬಾಯಿ ಬೇಕಲ್ಲ."

ಇಟ್ಟಿಗೆ ಮುಟ್ಟಿ ನೋಡಿದೆ.
ಮರಳು ಬೆಳ್ಳಗಾಗುತ್ತಿತ್ತು.
ಕೊಡ ಎತ್ತಿಕೊಂಡೆ.