ಬಂದರಿನ ಹಿಂದಿನ ಊರು

ಇಪ್ಪತ್ತೊಂದು ವರ್ಷ ಇವರು ಇಟಲಿಗೆ ಹೋಗಿಬಂದರು,
ಇಟಲಿ ನೋಡಿರಲಿಲ್ಲ.
ನೋಡಿದ್ದು ಕ್ರೇನು, ಕಂಟೇನರು, ಗೇಟು ನಂಬರ್ ನಾಲ್ಕು,
ಹಡಗಿನ ಅಡುಗೆಕೋಣೆಯ ದುಂಡು ಕಿಟಕಿಯಲ್ಲಿ
ತಟ್ಟೆಯಷ್ಟು ನೇಪಲ್ಸ್.
ಎರಡು ಮೂಟೆ ಈರುಳ್ಳಿ ಹೆಚ್ಚಿ ತಲೆಯೆತ್ತಿದರೆ
ಅದೂ ಹೋಗಿರುತ್ತಿತ್ತು.

ಕೊನೆಯ ಹಡಗಿನ ದುಡ್ಡು ಕೈಗೆ ಬಂದಾಗ
ಬೈತಖೋಲದ ಭಾವ ಅಂದ: ಜಾಗ ಹಿಡಿ, ಬಿಣಗಾದಲ್ಲಿ, ರಸ್ತೆಗೆ ತಾಗಿ.
ಇವರು ನಾಲ್ಕು ಟಿಕೆಟು ಹಿಡಿದರು.
ಚಂದ್ರಹಾಸ ತಾಂಡೇಲ, ನಾನು, ಮಗಳು ಶಮಿತಾ,
ಮಾಜಾಳಿ ಗಡಿಯಾಚೆ ಕಾಲಿಡದ ನನ್ನ ಆಯಿ.
ಪಾಸ್‌ಪೋರ್ಟಿಗೆ ಹುಟ್ಟಿದ ದಿನ ಬೇಕೆಂದರು.
ತಾರ್ಲೆ ಮೀನು ಕಾಳಿ ಹೊಳೆಯೊಳಗೇ ನುಗ್ಗಿದ ವರ್ಷ, ಅಂದಳು ಆಯಿ.
ಏಜೆಂಟ ಜೂನ್ ಒಂದು ಅಂತ ಬರೆದುಕೊಂಡ.

ವೆನಿಸ್‌ನಲ್ಲಿ ಎಲ್ಲರೂ ಮೇಲೆ ನೋಡಿದರು,
ಆಯಿ ಕೆಳಗೆ,
ಗೋಡೆಯ ಬುಡದಲ್ಲಿ ಪಾಚಿ ಎಲ್ಲಿಯವರೆಗೆ ಹತ್ತಿದೆ ಅಂತ.
"ಹುಣ್ಣಿಮೆ ಉಬ್ಬರಕ್ಕೆ ಇವರ ಒಲೆ ಉಳೀತದ್ಯೇನೇ?"
ದೋಣಿಗೆ ಮಖಮಲ್ಲಿನ ದಿಂಬು, ಹುಟ್ಟು ಹಾಕುವವನಿಗೆ ಪಟ್ಟೆ ಅಂಗಿ,
ಬಲೆ ಇಲ್ಲ, ಗಾಳ ಇಲ್ಲ, ಒಂದು ಪೊರೆ ಅಂಟಿಲ್ಲ.
ಇದು ಮದುವೆ ದೋಣಿ ಮಾರಾಯ್ತಿ, ಅಂದು ಹತ್ತಲಿಲ್ಲ.
ಎಂಬತ್ತು ಯೂರೋ ಉಳಿಯಿತು.

ಪೀಸಾದಲ್ಲಿ:
"ಬುಡಕ್ಕೆ ಮರಳು. ದೇವಬಾಗದ ತೆಂಗೂ ಹೀಗೇ ವಾಲ್ತದೆ,
ಟಿಕೆಟು ಇಟ್ಟವರಿಲ್ಲ."

ಫ್ಲಾರೆನ್ಸ್ ನನಗೆ ನೆನಪಿಲ್ಲ, ಕಾಲು ಬಾತಿತ್ತು.
ಮೆಟ್ಟಿಲ ಮೇಲೆ ಕೂತು ಒಣಸೀಗಡಿ ಚಟ್ನಿಯ ಡಬ್ಬಿ ತೆರೆದಾಗ
ಕಾವಲಿನವನು ಮೂಗೆತ್ತಿದ,
ನಮ್ಮನ್ನು ನೋಡಿದ, ಹೊಟ್ಟೆ ಸವರಿಕೊಂಡು ನಕ್ಕ.
ರೋಮಿನಲ್ಲಿ ಬೀದಿಬೀದಿಗೆ ನಲ್ಲಿ,
ನಿಲ್ಲಿಸುವ ತಿರುಪೇ ಇಲ್ಲ, ಹಗಲೂ ರಾತ್ರಿ ಸುರಿಯುವ ನೀರು.
ದಿನ ಬಿಟ್ಟು ದಿನ ಒಂದು ತಾಸು ನೀರು ಕಾದವಳು ಆಯಿ,
ಬೆರಳಿಟ್ಟು ಒತ್ತಿ ಹಿಡಿದು ನಿಂತಳು.
ಬಸ್ಸು ಹೊರಡುವವರೆಗೂ.

ಜಿನೋವಾ ಪಟ್ಟಿಯಲ್ಲಿರಲಿಲ್ಲ.
"ಅಲ್ಲಿ ನೋಡೋದು ಎಂತ ಉಂಟು ಅಪ್ಪಾ?"
ಇವರು ಉತ್ತರಿಸದೆ ಇಳಿಜಾರಿನ ಓಣಿಗಳಲ್ಲಿ ನಡೆದರು,
ಬಂದರಿನ ವಾಸನೆ ಹಿಡಿದು, ದಾರಿ ಕೇಳದೆ.
ಗೇಟು ನಂಬರ್ ನಾಲ್ಕು.
ಹೊರಗೊಂದು ಟೆಲಿಫೋನು ಗೂಡು,
ಗಾಜಿಲ್ಲ, ಒಳಗೆ ಪಾರಿವಾಳದ ಪುಕ್ಕ,
ರಿಸೀವರು ತಂತಿಯಲ್ಲಿ ನೇತಾಡುತ್ತ.

ನನಗೆ ಗೊತ್ತಿತ್ತು ಆ ಗೂಡು. ಅದರ ಇನ್ನೊಂದು ತುದಿಯಲ್ಲಿ ನಾನಿದ್ದೆ:
ಕೋಡಿಬಾಗದ ಎಸ್‌ಟಿಡಿ ಬೂತು, ಹನ್ನೊಂದು ದಿನದ ಬಾಣಂತಿ,
ಕಿವಿಯ ಹತ್ತಿ ತೆಗೆದು ರಿಸೀವರು ಇಟ್ಟುಕೊಂಡು
ಹೆಣ್ಣು, ಅಂದೆ.
ಮಾತು ಹೋಗಿ ಬರಲು ಮೂರು ಎಣಿಕೆ ಬೇಕಾಗುವ ಕಾಲ.
ಒಂದು, ಎರಡು, ಮೂರು ಎಣಿಸಿದೆ.
ನಾಲ್ಕು.
ಒಂಬತ್ತಕ್ಕೆ ಅವರ ಕಾರ್ಡು ಮುಗಿದು ಲೈನು ಸತ್ತಿತು.

ಆ ಆರು ಎಣಿಕೆಯನ್ನು ನಾನು ಇಷ್ಟು ವರ್ಷ
ಬಡ್ಡಿ ಸಮೇತ ಇಟ್ಟುಕೊಂಡಿದ್ದೆ.

ಇವರು ರಿಸೀವರು ಎತ್ತಿ ಅದರ ಜಾಗಕ್ಕಿಟ್ಟರು.
ಬಂದರಿನ ಕಡೆ ನೋಡುತ್ತ ಅಂದರು:
"ಆವತ್ತು ಇಲ್ಲೇ ನಿಂತು ಅತ್ತೆ."
ತನ್ನನ್ನೇ ಕರೆದನೆಂದು ಆಯಿ ತಿರುಗಿ
"ಓ," ಅಂದಳು, "ಎಂತದು?"

ಯಾರೂ ಹೇಳಲಿಲ್ಲ ಎಂತದು ಅಂತ.
ಶಮಿತಾ ನಗಲು ಸುರುಮಾಡಿದಳು, ಆಮೇಲೆ ನಾನು,
ನನ್ನದು ಎಲ್ಲಿ ನಗು ಬಿಟ್ಟಿತೋ ತಿಳಿಯಲಿಲ್ಲ.

ಈಗ ಕಾರವಾರ.
ಇಟಲಿ ಹೇಗಿತ್ತು ಅಂತ ಮೀನುಪೇಟೆಯಲ್ಲಿ ಕೇಳಿದರೆ
ಆಯಿ ನಲ್ಲಿಯ ಕತೆ ಮಾತ್ರ ಹೇಳುತ್ತಾಳೆ, ಯಾರೂ ನಂಬುವುದಿಲ್ಲ.
ಬಿಣಗಾದ ಜಾಗಕ್ಕೆ ಬೇರೆ ಯಾರೋ ಬೇಲಿ ಹಾಕಿದ್ದಾರೆ.
ಸಂಜೆ ದಂಡೆಯಲ್ಲಿ ನಿಂತರೆ ದೂರದಲ್ಲೊಂದು ಹಡಗು,
ಆಗಷ್ಟೆ ದೀಪ ಹಚ್ಚಿಕೊಂಡದ್ದು.
ಅದರ ದುಂಡು ಕಿಟಕಿಯಲ್ಲಿ ಯಾವನಿಗೋ
ತಟ್ಟೆಯಷ್ಟು ನಮ್ಮೂರು.
ಶಮಿತಾ ಕೈ ಎತ್ತಿದಳು.
ಅಲ್ಲಿಂದ ಕಾಣುವುದಿಲ್ಲ, ಅಂದರು ಇವರು,
ಬಂಗಡೆಯ ಚೀಲ ಈ ಕೈಯಿಂದ ಆ ಕೈಗೆ ದಾಟಿಸಿ.
ಬೀಸು.