ಎಡಮಗ್ಗುಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಕಾಲಿನ ಲೆಕ್ಕ ಹೇಳಿದರು,
ಸೊಂಟದ ಮಾತೆತ್ತಲಿಲ್ಲ.

ನನ್ನದು ಸೊಂಟ.
ಮಿಲ್ಲರ್ ಪೇಟೆಯ ಜೀನ್ಸ್ ಶೆಡ್ಡಿನಲ್ಲಿ
ಹನ್ನೊಂದು ವರ್ಷ ಗುಂಡಿ ಒತ್ತಿದ್ದು,
ದಿನಕ್ಕೆ ಎಂಟುನೂರು ಪ್ಯಾಂಟು,
ಪ್ಯಾಂಟಿಗೊಂದು ತಾಮ್ರದ ಗುಂಡಿ,
ಗುಂಡಿಗೊಂದು ಸಲ ಬಗ್ಗಿ.

"ಚಾಪೆ ಬಿಟ್ಟು ಗಾದಿ ತಗೊಳ್ಳಿ" ಅಂದರು ಡಾಕ್ಟರಮ್ಮ,
ಚೀಟಿಯಲ್ಲಿ ಬರೆದೂ ಕೊಟ್ಟರು,
ಊಟ ಆದಮೇಲೆ ಎರಡು ಸಲ
ಅನ್ನುವಷ್ಟು ಸಲೀಸಾಗಿ.

ಉದ್ದಿನಬೇಳೆ ಡಬ್ಬಿಯ ತಳದಲ್ಲಿ ಮೂರು ಸಾವಿರದ ಇನ್ನೂರು.
ಆಟೋದ ಟೈರಿಗೆಂದು ಇಟ್ಟದ್ದರಲ್ಲಿ
ಎರ್ರಿಸ್ವಾಮಿ ಐದುನೂರು ತೆಗೆದುಕೊಟ್ಟ,
ಮುಖ ಆ ಕಡೆ ತಿರುಗಿಸಿ,
ನಾನು ಬೇಡ ಅಂದರೂ ಕಾಣಬಾರದೆಂದು.

ಮೊದಲು ಶೋರೂಮು.
ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದೆ
ಇವನು ಕೈಯಲ್ಲೇ ಹಿಡಕೊಂಡ.
ಟೈ ಕಟ್ಟಿದ ಹುಡುಗ ಗಾದಿಗೆ ಅಂಗೈ ಒತ್ತಿ ತೆಗೆದ.
ಐದು ಬೆರಳ ಗುರುತು ಮೆಲ್ಲಗೆ ತುಂಬಿಕೊಂಡಿತು,
ಕೆಸರಲ್ಲಿ ಎಮ್ಮೆ ಎದ್ದ ಜಾಗದ ಹಾಗೆ.
"ಇದಕ್ಕೆ ನೆನಪಿರುತ್ತೆ ಮೇಡಂ,
ನಿಮ್ಮ ಮೈನ ನೆನಪಿಟ್ಕೊಳ್ಳುತ್ತೆ."
ಮಲಗಿ ನೋಡಿ ಅಂದ. ಮಲಗಿದೆ.
ಸೊಂಟ ಎಲ್ಲಿ ಹೋಯಿತೆಂದು ಹುಡುಕುವಷ್ಟರಲ್ಲಿ
ನಿದ್ದೆ.

ಎಷ್ಟು ಹೊತ್ತೋ. ಎಚ್ಚರಾದಾಗ
ಹುಡುಗ ಬೇರೆ ಗಿರಾಕಿಯ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದ.
ಇವನು ಚಪ್ಪಲಿ ಹಿಡಿದು ಕಾವಲಿನವನಂತೆ ನಿಂತೇ ಇದ್ದ.
ಹದಿನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಒಂದು ರೂಪಾಯಿ ಬಿಟ್ಟದ್ದಕ್ಕೆ
ಥ್ಯಾಂಕ್ಸ್ ಹೇಳಿ ಹೊರಬಿದ್ದೆವು.

ಕೌಲ್ ಬಜಾರಿನ ಹೊನ್ನೂರಸಾಬ್ ಗಾದಿ ತೋರಿಸಲೇ ಇಲ್ಲ.
ಮೀಸೆ, ಹುಬ್ಬು, ಕಿವಿಗೂದಲಿಗೆಲ್ಲ ಅರಳೆ ಅಂಟಿತ್ತು.
ಪಿಂಜುವ ಮಿಷನ್ನು ನಿಲ್ಲಿಸಿ
"ಯಾವ ಮಗ್ಗುಲಿಗೆ ಮಲಗ್ತೀಯಮ್ಮಾ?" ಅಂದ.

ಇದನ್ನ ಯಾರೂ ಕೇಳಿರಲಿಲ್ಲ.
ಡಾಕ್ಟರಮ್ಮ ಕೇಳಿರಲಿಲ್ಲ. ಕಟ್ಟಿಕೊಂಡವನೂ ಇಲ್ಲ.
ನಾನು ಬಾಯಿ ತೆರೆಯುವ ಮೊದಲೇ ಇವನು
"ಎಡಮಗ್ಗುಲು" ಅಂದ.
"ಮೊಣಕಾಲು ಮಡಚಿ,
ಎರಡೂ ಕೈ ಕೆನ್ನೆ ಕೆಳಗಿಟ್ಟು.
ಒಂದೊಂದು ಸಲ ಏನೋ ಎಣಿಸ್ತಾಳೆ, ನಿದ್ದೆಗಣ್ಣಲ್ಲಿ."

ಹೊನ್ನೂರಸಾಬ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೂಡಿಸಿದ, ಕಳೆದ.
"ಪೂರಾ ಹೊಸ ಹತ್ತಿ ನಿನ್ನ ರೊಕ್ಕಕ್ಕೆ ಬರಂಗಿಲ್ಲ.
ಕೆಳಗೆ ಜೀನ್ಸ್ ಚಿಂದಿ ತುಂಬ್ತೀನಿ, ಗಟ್ಟಿ ನಿಲ್ತೈತೆ.
ಮೇಲೆ ನಾಲ್ಕು ಬೆರಳು ಹೊಸ ಅರಳೆ.
ಎಡಕ್ಕೆ, ಸೊಂಟ ಕೂಡೋ ಕಡೆ, ಒಂದು ಹಿಡಿ ಜಾಸ್ತಿ.
ಹಿಡಿಗೆ ರೊಕ್ಕ ಬ್ಯಾಡ."
ಅಗಲ ಮಾತ್ರ ಮೂರೂವರೆ ಅಡಿಗೇ ನಿಂತುಬಿಟ್ಟಿತು.

ಆಟೋದ ನೆತ್ತಿಗೆ ಕಟ್ಟಿ ತಂದದ್ದು,
ಮೇ ತಿಂಗಳು, ಮನೆಯೊಳಗೆ ಹಾಸಿದರೆ ಕಾದ ಹೆಂಚು.
ಮಾಳಿಗೆಗೆ ಹೊತ್ತೊಯ್ದೆವು, ಎರಡು ಸಲ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು.
"ಗಾದಿ ನನಗೆ ಆಗಿಬರಲ್ಲ, ಸೆಕೆ" ಅಂತ
ಇವನು ಪಕ್ಕದಲ್ಲಿ ಚಾಪೆ ಹಾಸಿಕೊಂಡ.
ನಡುರಾತ್ರಿ ನೋಡಿದರೆ ಒಂದು ಕಾಲು ಗಾದಿ ಹತ್ತಿತ್ತು.
ಗಾದೆಯ ಪ್ರಕಾರ ತಪ್ಪು.
ಸುಮ್ಮನಿದ್ದೆ.

ಮೂರನೇ ರಾತ್ರಿ ಎಡಗಡೆ, ಪಕ್ಕೆಯ ಕೆಳಗೆ,
ಏನೋ ಚುಚ್ಚಿದಂತಾಯಿತು.
ಬಟ್ಟೆಯ ಮೇಲಿಂದಲೇ ಬೆರಳಿಗೆ ಗೊತ್ತಾಯಿತು.
ಹದಿನೇಳರ ಸೈಜು, ನಡುವೆ ತಗ್ಗು, ಅಂಚಿಗೆ ಗೀರು.
ಚಿಂದಿಯ ಜೊತೆ ಬಂದದ್ದು,
ಚೆಕಿಂಗಿನಲ್ಲಿ ವಾಪಸಾದ ನನ್ನದೇ ಪ್ಯಾಂಟಿನದೋ ಏನೋ.
ಇಷ್ಟು ವರ್ಷ ನಾನು ಒತ್ತಿದ್ದು,
ಈಗ ಅದರ ಸರದಿ.

ಹೊಲಿಗೆ ಬಿಚ್ಚಲು ಕತ್ತರಿ ಬೇಕು,
ಕತ್ತರಿಗೆ ಕೆಳಗಿಳಿಯಬೇಕು.
ನಾಳೆ ನೋಡೋಣ ಅಂತ ಒಂದು ಗೇಣು ಸರಿದೆ.

ಒಂದು ಗೇಣು ಸರಿಯಲು ಜಾಗವಿತ್ತು.