ಮಾನ್ಯರೇ ಆದಮ್ಯಾಲೆ

ತಿಕೋಟಾ ರೋಡಿಗೆ ಹತ್ತಿದ ಕೋಲ್ಡ್ ಸ್ಟೋರೇಜು.
ಗ್ವಾಡಿ ಆಚೆ ಏಳು ಸಾವಿರ ಬಾಕ್ಸು ಮನೂಕ
ನಾಕು ಡಿಗ್ರಿಯೊಳಗ ಉಸಿರು ಹಿಡಿದು ಮಲಗ್ಯಾವು.
ಈಚೆ ನಾನು, ಒಂದು ಫ್ಯಾನು, ಒಂದು ಕಂಪ್ಯೂಟರು,
ಗಂಧಕದ ವಾಸನಿ ಹಿಡಿದ ಪಾವತಿ ಪುಸ್ತಕ.

ಇಷ್ಟು ದಿನ ಮೇಲ್ ಅಂದ್ರ
ಬ್ರೌಸರಿನ್ಯಾಗ ಒಂದು ಬಾಡಿಗಿ ಖೋಲಿ.
ಆಜುಬಾಜು ಜಿಎಸ್‌ಟಿ, ಲೈಟ್ ಬಿಲ್ಲು, ತಾಸಗಾವ್ ಸವಾಲಿನ ದರ,
ಸಾಹುಕಾರ್ರ ಮಗಳು ತಗದಿಟ್ಟು ಮರತ ಮೆಹಂದಿ ಡಿಸೈನು.
ಇಪ್ಪತ್ತು ಬಾಗಿಲದಾಗ ನಮ್ಮದ್ಯಾವುದು ಅಂತ ತಡಕಾಡಿ
ಒಳಗ ಹೋಗೂದ್ರಾಗ ನೆಟ್ ಹೋಗಿರತಿತ್ತು.
ಮತ್ತ ಪಾಸ್‌ವರ್ಡು. ಮತ್ತ ಓಟಿಪಿ. ಅದು ಬರೂದು ಸಾಹುಕಾರ್ರ ಫೋನಿಗೆ.
ಸಾಹುಕಾರ್ರು ಹೊಲದಾಗ, ಫೋನು ಜೀಪಿನ್ಯಾಗ.

ದಸ್ತಗೀರ ಬಂದ, ಪ್ರಿಂಟರಿಗೆ ಶಾಯಿ ತುಂಬಾಂವ.
‘ಅಕ್ಕಾರ, ಮೇಲಿಗೊಂದು ಸ್ವಂತ ಮನಿ ಕಟ್ಟಿಕೊಡ್ತೀನಿ’ ಅಂದ.
ಪರದೆಯ ಕೆಳಗ ಒಂದು ನೀಲಿ ಲಕೋಟಿ ಬಂದು ಕೂತಿತು.
ಒತ್ತಿದರ ತಾನ ತೆರೀತೈತಿ, ನಡುವ ಯಾರ ಅಂಗಡೀನೂ ಇಲ್ಲ.
‘ನೆಟ್ ಹೋದ್ರೂ ಓದಬಹುದ್ರಿ,
ಎಲ್ಲಾದರದೂ ಒಂದೊಂದು ನಕಲು ಇಲ್ಲೇ ಇಳೀತೈತಿ.’
ನಾ ಗ್ವಾಡಿ ಕಡೆ ನೋಡಿದೆ.
ಅಂವ ಚಾ ಕುಡಿದ, ಮುನ್ನೂರು ಇಸಕೊಂಡ, ಹ್ವಾದ.

ಇಳಿಯಾಕ ಹತ್ತಿದ್ವು ಒಂಬತ್ತು ವರ್ಷದ ಪತ್ರ.
ಸಾಂಗಲಿ ದಲಾಲರ ‘ವಿನಂತಿ ವಿಶೇಷ’, ಟ್ರಕ್ಕಿನ ನಂಬರು,
ಹಸಿರು ಅಂತ ಹೇಳಿ ಹಳದಿ ಕಳಿಸೀರಿ ಅನ್ನೋ ತಕರಾರು.
ಎಡಕ್ಕ ಒಂದು ಸಾಲು: ಡ್ರಾಫ್ಟ್ಸ್, ಹದಿನಾಲ್ಕು.
ಬ್ರೌಸರಿನ್ಯಾಗ ಅದು ‘ಇನ್ನಷ್ಟು’ ಅನ್ನೂದರ ಕೆಳಗ
ಮಡಚಿಕೊಂಡು ಕೂತಿತ್ತು, ನಾ ಎಂದೂ ಬಿಚ್ಚಿದ್ದಿಲ್ಲ.

ನನ್ನವಲ್ಲ.
ನನಗಿಂತ ಮೊದಲಿದ್ದ ಗುರುಪಾದಪ್ಪ ಹತ್ತರಕಿಯವರು ಬರದವು.
ಐದು ವರ್ಷ ಇದ ಕುರ್ಚಿ. ಎಡಗೈಯ ರೆಕ್ಸಿನ್ನು
ಇನ್ನೂ ಅವರ ಮೊಣಕೈಗೆ ಸವದೈತಿ.
ಮೊದಲನೇದು ತಗದೆ:
‘ಮಾನ್ಯರೇ,’
ಅಷ್ಟ.
ಎರಡನೇದು, ಯುಗಾದಿ ಹಿಂದಿನ ದಿನದ್ದು:
‘ಮಾನ್ಯರೇ, ನನ್ನ ಪಗಾರದ ಬಗ್ಗೆ’
ಮೂರನೇದ್ರಾಗ ಪಗಾರ ಹೋಗಿ ವೇತನ ಆಗಿತ್ತು.
ಏಳನೇದ್ರಾಗ ‘ತಮ್ಮ ಕೃಪೆಯಿಂದ ಕ್ಷೇಮ.’
ಹದಿನಾಲ್ಕನೇದು ಮತ್ತ ಬರೇ ‘ಮಾನ್ಯರೇ,’
ಆ ಅಲ್ಪವಿರಾಮ,
ಹೊಸ್ತಿಲದ ಮುಂದ ಚಪ್ಪಲಿ ಬಿಡಬೇಕೋ ಬ್ಯಾಡೋ ಅಂತ
ನಿಂತ ಮನಿಷಾನಂಗ.

ಈಗ ಅವರು ಬಬಲೇಶ್ವರದಾಗ ಅಳಿಯನ ಕಿರಾಣಿ ಲೆಕ್ಕ ಬರೀತಾರಂತ.

ನಂದೂ ನಾಕು ವರ್ಷ ಆತು. ಅದ ಪಗಾರ.
ಬಾಯಿಲೆ ಕೇಳಬೇಕಂತ ಎದುರಿಗೆ ನಿಂತ್ರ
ಸಾಹುಕಾರ್ರು ಒಂದು ಮುಷ್ಟಿ ಮನೂಕ ಕೊಡತಾರ,
‘ತಿನ್ರಿ ಸುಗಲಾಬಾಯಿ, ಈ ಸಲದ ಮಾಲು’ ಅಂತಾರ.
ಬಾಯಿತುಂಬ ಸಿಹಿ ಇಟಗೊಂಡು ಏನ ಕೇಳೂದು.

ಹೊಸ ಪತ್ರ ಒತ್ತಿದೆ.
‘ಮಾನ್ಯರೇ,’ ಅಂತ ಬರದು, ನಿಲ್ಲದ, ಎಂಟರ್ ಒತ್ತಿ ಕೆಳಗಿಳಿದೆ.
ಮೂರು ಸಾಲು. ಎರಡು ಸಾವಿರ ಹೆಚ್ಚು. ನನ್ನ ಹೆಸರು.
ಕಳಿಸು ಅಂತ ಒತ್ತಿದೆ, ಲೈಟು ಹ್ವಾತು.

ಯುಪಿಎಸ್ ಕುಂಯ್ ಅಂತು. ಆಚೆ ಕಂಪ್ರೆಸರ್ ಸುಮ್ಮನಾತು.
ಪತ್ರ ಔಟ್‌ಬಾಕ್ಸಿನ್ಯಾಗ ನಿಂತಿತ್ತು, ದಪ್ಪ ಅಕ್ಷರದಾಗ,
ಹೇಳಿಲ್ಲ ಅನ್ನಾಕಾಗದ, ಹೇಳೀನಿ ಅನ್ನಾಕಾಗದ.
ಅಳಿಸೋ ಗುಂಡಿ ಮ್ಯಾಲ ಇಲಿಯ ಬಾಣ ಇಟ್ಟೆ.
ಜನರೇಟರ್ ಕಡೆ ಮಾಳಿಂಗ ಓಡಿದ ಸಪ್ಪಳ.
ಡೀಸೆಲ್ಲಿನ ಲೈಟು ಮೊದಲು ಮನೂಕಕ್ಕ, ಆಮ್ಯಾಲೆ ಆಫೀಸಿಗೆ.
ಟೈಮ್ ಇತ್ತು.

ಬಾಣ ಅಲ್ಲೇ ಬಿಟ್ಟು ಬುತ್ತಿ ಬಿಚ್ಚಿದೆ.
ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.
ಮೂರನೇ ತುತ್ತಿಗೆ ಫ್ಯಾನು ತಿರುಗಿತು,
ಔಟ್‌ಬಾಕ್ಸಿನ ಮಗ್ಗಲಿಗಿದ್ದ ಒಂದು
ನನ್ನ ಕೇಳದ ಸೊನ್ನಿ ಆತು.

ಡ್ರಾಫ್ಟಿನ ಹದಿನಾಲ್ಕು ಹಂಗ ಅದಾವು, ಥಂಡ್ಯಾಗ.
ಎಲ್ಲೋ ಹೊಲದ ಬದುವಿಗೆ, ಜೀಪಿನ್ಯಾಗ,
ಒಂದು ಫೋನು ಟಿಣ್ ಅಂದಿರಬೇಕು.